ಪಟ್ಟೆ ಕೋಟಿನ ಅಗ್ನಿಪರೀಕ್ಷೆ

ಹತ್ತು ವರ್ಷ ದುಡಿದು ಹಳೆಯದಾಗಬೇಕಾದ ಕೋಟನ್ನು ಒಂದೇ ಭಾನುವಾರದಲ್ಲಿ ಹಳೆಯದು ಮಾಡಿ ತೋರಿಸುತ್ತೇನೆಂದು ನಾನು ಪಣ ತೊಟ್ಟೆ!

ಕೋಟೆಂದರೆ ಅಂತಿಂಥ ಕೋಟಲ್ಲ. ನೀಲಿ-ಬಿಳಿ ಪಟ್ಟೆಗಳ ದಪ್ಪ ಹತ್ತಿ ಬಟ್ಟೆ. ಒಂದು ಕಾಲಕ್ಕೆ ರೈಲು ಎಂಜಿನ್ ಶೆಡ್ಡಿನ ಕೆಲಸಗಾರರು ತೊಡುತ್ತಿದ್ದದ್ದು, ಈಗ ನನ್ನಂಥ ಕುರ್ಚಿ ಬಿಸಿ ಮಾಡುವವರು ತೊಡುವುದು. ನನ್ನದು ಜಾಹೀರಾತು ಕಚೇರಿಯಲ್ಲಿ ಕೆಲಸ. ಅಲ್ಲಿ ಕೈಗೆ ಹತ್ತುವ ಅತಿ ದೊಡ್ಡ ಕೊಳೆಯೆಂದರೆ ಪೆನ್ನಿನ ಶಾಯಿ. ಆದರೂ ಸೋಮವಾರ ಒಳಗೆ ಕಾಲಿಟ್ಟಾಗ ಈಗಷ್ಟೇ ಎಂಜಿನ್ನಿನ ಕೆಳಗಿನಿಂದ ಎದ್ದು ಬಂದವನಂತೆ ಕಾಣಬೇಕೆಂಬುದು ನನ್ನ ಮಹದಾಸೆ. ಅಂಗಡಿಯವನೇ ಅರ್ಧ ಮಾಸಿಸಿ ಮಾರಿದ್ದ. ಉಳಿದರ್ಧ ನನ್ನ ಪಾಲಿಗೆ!

"ಅಪ್ಪನ್ನ ಕೇಳ್ಬಾರ್ದಾ? ಮೂವತ್ತು ವರ್ಷ ಅದೇ ಬಟ್ಟೆ ಹಾಕ್ಕೊಂಡು ಎಂಜಿನ್ ರಿಪೇರಿ ಮಾಡಿದವರು," ಎಂದಳು ಹೆಂಡತಿ.

ಮಾವ ಹಿಂದಿನ ದಿನವಷ್ಟೇ ನಮ್ಮ ಮನೆಗೆ ಬಂದಿದ್ದರು. ಸೋಮವಾರ ಅವರ ಶೆಡ್ಡಿನ ಹಳಬರೆಲ್ಲ ಒಂದೆಡೆ ಸೇರುವವರಿದ್ದರು. ಎಲ್ಲರೂ ತಮ್ಮ ತಮ್ಮ ಕೆಲಸದ ಕೋಟು ತೊಟ್ಟೇ ಫೋಟೊಗೆ ನಿಲ್ಲಬೇಕೆಂದು ಮಾತಾಗಿತ್ತು. ಮಾವ ಅದಕ್ಕೆಂದೇ ತಮ್ಮ ಕೋಟು ತಂದು ನನ್ನ ಕೋಟಿನ ಪಕ್ಕದ ಗೂಟಕ್ಕೆ ತಗುಲಿಸಿದ್ದರು. ಎರಡೂ ಒಂದೇ ಅಳತೆ, ಒಂದೇ ಥರ ಮಾಸಿದ್ದವು.

"ಪಟ್ಟೆ ಯಾಕಿದೆ ಗೊತ್ತಾ ಅಳಿಯಂದ್ರೇ? ಮಸಿ, ಎಣ್ಣೆ ಏನು ಬಿದ್ರೂ ಗೆರೆಗಳ ಮಧ್ಯೆ ಎದ್ದು ಕಾಣಲ್ಲ," ಎಂದರು ಮಾವ.

"ನನಗೆ ಎದ್ದು ಕಾಣ್ಬೇಕು ಮಾವ!"

ಅವರು ನನ್ನ ಮುಖವನ್ನೊಮ್ಮೆ ನೋಡಿ, ಗೂಟದಿಂದ ಕೋಟು ಎಳೆದು ತೊಟ್ಟುಕೊಂಡು, ಕೆಟ್ಟು ಕೂತಿದ್ದ ನೀರಿನ ಪಂಪು ನೋಡಲು ಹಿತ್ತಲಿಗೆ ಹೊರಟರು. ಉಳಿದ ಕೋಟು ಎತ್ತಿಕೊಂಡು ನಾನು ಬಚ್ಚಲಿಗೆ ನುಗ್ಗಿದೆ.

ಸೋಡಾಪುಡಿ ಹಾಕಿ ಕುದಿಸಿದೆ. ಗಡುಸು ಬ್ರಷ್ಷಿನಲ್ಲಿ ತಿಕ್ಕಿದೆ. ಸ್ಯಾಂಡ್ ಪೇಪರಿನಲ್ಲಿ ಉಜ್ಜಿದೆ. ಸ್ಯಾಂಡ್ ಪೇಪರ್ ನುಣ್ಣಗಾಯಿತು! ಒಂದು ತೋಳನ್ನು ಕಿಟಕಿಯ ಸರಳಿಗೆ ಕಟ್ಟಿ ಇನ್ನೊಂದನ್ನು ಹಿಡಿದು ಜಗ್ಗಿದೆ, ಸೊಂಟ ಹಿಡಿದುಕೊಂಡಿತು. ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗೈ ಸುಲಿದಿತ್ತು, ಬನಿಯನ್ ಹರಿದಿತ್ತು. ಕೋಟು ಮಾತ್ರ ಎಲ್ಲೂ ಹರಿದಿರಲಿಲ್ಲ. ಇದ್ದ ಕೊಳೆಯೂ ಹೋಗಿ ಬಿಳಿ ಪಟ್ಟೆಗಳು ಹಲ್ಲು ಕಿರಿಯುತ್ತಿದ್ದವು.

"ಮೋಸ! ಅಂಗಡಿಯವನು ಮೋಸ ಮಾಡಿದ! ಇದು ಹಳೇದೇ ಆಗ್ತಿಲ್ಲ!" ಎಂದು ಕೂಗಿದೆ.

"ಬಟ್ಟೆ ಹರೀಲಿಲ್ಲ ಅಂತ ಜಗಳಕ್ಕೆ ಹೋಗೋ ಗಂಡ ಇಡೀ ಊರಲ್ಲಿ ನನಗೊಬ್ಬಳಿಗೇ ಸಿಕ್ಕಿದ್ದು!"

ಅಷ್ಟರಲ್ಲಿ ಮಾವ ಬಂದರು. ಪಂಪು ಸರಿಹೋಗಿತ್ತು, ಅವರ ಮುಖ ಸರಿಯಿರಲಿಲ್ಲ. ಮೈಮೇಲಿನ ಕೋಟಿನ ಜೇಬು ಸ್ಪ್ಯಾನರಿನ ಭಾರಕ್ಕೆ ಕಿತ್ತು ಜೋತಾಡುತ್ತಿತ್ತು. ಮೊಣಕೈ ಹರಿದಿತ್ತು. ಎರಡು ಗುಂಡಿ ನಾಪತ್ತೆ.

"ಮೂವತ್ತು ವರ್ಷ ಎಂಜಿನ್ ಕೆಳಗೆ ಮಲಗಿ ಎದ್ದ ಕೋಟು ಮಗಳೇ, ಒಂದು ನೀರಿನ ಪಂಪಿಗೆ ಸೋತುಬಿಡ್ತು." ಅವರು ಕಿತ್ತ ಜೇಬನ್ನು ಅಂಗೈಯಲ್ಲಿ ಎತ್ತಿ ಹಿಡಿದರು. "ನಾಳೆ ಯಾವ ಮುಖ ಇಟ್ಕೊಂಡು ಫೋಟೊಗೆ ನಿಲ್ಲಲಿ? ಹೋಗಲ್ಲ ಬಿಡು."

ಹೆಂಡತಿ ಅವರ ಕಾಲರ್ ತಿರುಗಿಸಿದಳು. ಅಂಗಡಿಯ ಮಿರುಗುವ ಲೇಬಲ್! ನನ್ನ ಕೈಯಲ್ಲಿದ್ದ ಒದ್ದೆ ಕೋಟಿನ ಕಾಲರ್ ತಿರುಗಿಸಿದಳು. ಅತ್ತೆ ಕೆಂಪು ದಾರದಲ್ಲಿ ಹೊಲಿದಿದ್ದ ಮಾವನ ಶೆಡ್ಡಿನ ನಂಬರು! ಆಮೇಲೆ ನನ್ನ ಕಡೆ ತಿರುಗಿದಳು. ಆ ನೋಟದ ಮುಂದೆ ಸ್ಯಾಂಡ್ ಪೇಪರ್ ರೇಷ್ಮೆ.

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಕುದಿಸಿದ್ದು, ಉಜ್ಜಿದ್ದು, ಜಗ್ಗಿದ್ದು, ಒಂದನ್ನೂ ಮುಚ್ಚಿಡಲಿಲ್ಲ. ಮಾವ ತಮ್ಮ ಕೋಟನ್ನು ಬೆಳಕಿಗೆ ಹಿಡಿದು, ಒಂದೊಂದು ಹೊಲಿಗೆಯನ್ನೂ ಬೆರಳಿನಿಂದ ತಡವಿದರು. ಒಂದೇ ಒಂದು ಎಳೆ ಬಿಟ್ಟಿರಲಿಲ್ಲ.

ನನಗೆ ನಿಜಕ್ಕೂ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಆ ಬಟ್ಟೆಯ ಮೇಲೆ ಗೌರವ ಉಕ್ಕಿತು. ಬೆಂಕಿ, ಮಸಿ, ಕಬ್ಬಿಣಗಳ ನಡುವೆ ಒಬ್ಬ ಮನುಷ್ಯನ ಮೈ ಕಾಯಲೆಂದು ಯಾರೋ ಪುಣ್ಯಾತ್ಮರು ನೇಯ್ದದ್ದು ಅದು. ಕೆಲಸ ಮಾಡುತ್ತ ಮಾಡುತ್ತ ಅದಕ್ಕೆ ಚಂದ ಬಂದಿದೆ. ನಾನು ಕೊಂಡು ತಂದದ್ದು ಆ ಚಂದವನ್ನಷ್ಟೇ.

"ಕೆಲಸಕ್ಕೆ ಸೇರಿದ ದಿನ ಹೀಗೇ ಇತ್ತು ಅಳಿಯಂದ್ರೇ!" ಎಂದರು ಮಾವ ಕಡೆಗೆ. ಮರುದಿನ ಅದನ್ನೇ ತೊಟ್ಟು ಮದುಮಗನ ಹಾಗೆ ಹೊರಟರು. ನಾನು ಹರಿದ ಕೋಟಿನಲ್ಲಿ ಕಚೇರಿಗೆ ಹೋದೆ. ಎಂಥ ದುಡಿದ ಕೋಟೆಂದು ಎಲ್ಲರೂ ಹೊಗಳಿದರು. ದುಡಿದವರು ಯಾರೆಂದು ನಾನು ಹೇಳಲಿಲ್ಲ.

ಗುರುವಾರ ಮನೆಗೊಂದು ದೊಡ್ಡ ಗಂಟು ಬಂತು. ಬಿಚ್ಚಿದರೆ ಏಳು ಪಟ್ಟೆ ಕೋಟುಗಳು, ಏಳಕ್ಕೂ ಮೂವತ್ತು ವರ್ಷದ ಗ್ರೀಸು! ಮೇಲೆ ಮಾವನ ಹಳೆಯ ಫೋರ್‌ಮನ್ ಬರೆದ ಚೀಟಿ. ಇನ್ನೂ ನಮ್ಮಲ್ಲೇ ಇದ್ದ ಮಾವ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು:

"ಫೋಟೊದಲ್ಲಿ ನಿನ್ನ ಕೋಟೊಂದೇ ಹೊಳೆಯುತ್ತಿದೆ ಮಾರಾಯ. ನಮ್ಮವನ್ನೂ ನಿನ್ನ ಅಳಿಯನ ಕೈಗೆ ಕೊಡು. ಕುದಿಸಲಿ, ಉಜ್ಜಲಿ, ಜಗ್ಗಲಿ, ಬಟ್ಟೆ ತಡೆದುಕೊಳ್ಳುತ್ತದೆ. ಅಳಿಯನನ್ನು ಮಾತ್ರ ಜೋಪಾನವಾಗಿ ಬಳಸು!"