ಏಳು ಸಲ ಒತ್ತಿದ ಅಜ್ಜಿ

ಬಟನ್ ಬ್ರಹ್ಮನ ಆ ದಿನದ ಕಷ್ಟಕ್ಕೆಲ್ಲ ಮೂಲ ಒಬ್ಬ ಅಜ್ಜಿಯ ಹಲ್ಲುನೋವು. ಅಜ್ಜಿಯನ್ನು ಅವನು ಕಂಡವನಲ್ಲ, ಅವರ ಹಲ್ಲನ್ನಂತೂ ಕನಸಿನಲ್ಲೂ ಕಂಡವನಲ್ಲ. ಆದರೆ ಅವತ್ತು ಬೆಳಗ್ಗೆ ಆ ಅಜ್ಜಿ ಹಲ್ಲಿನ ಆಸ್ಪತ್ರೆಯ ವೆಬ್‌ಸೈಟಿಗೆ ಹೋಗಿ 'ಟೋಕನ್ ಪಡೆಯಿರಿ' ಎಂಬ ಬಟನ್ ಒತ್ತಿದರು. ಏನೂ ಆದಂತೆ ಕಾಣಲಿಲ್ಲ. ಮತ್ತೆ ಒತ್ತಿದರು. ಹೀಗೆ ಏಳು ಸಲ ಒತ್ತಿದ ಮೇಲೆ ಏಳು ಟೋಕನ್ ಒಟ್ಟಿಗೇ ಬಂದು ಬಿದ್ದವು. ಹತ್ತು ಗಂಟೆಯಿಂದ ಒಂದೂವರೆವರೆಗೆ ಡಾಕ್ಟರ ಕುರ್ಚಿ ಅಜ್ಜಿಗೇ ಮೀಸಲಾಯಿತು. ಅಜ್ಜಿಯ ಬಾಯಲ್ಲಿ ಉಳಿದಿದ್ದದ್ದು ಮೂರೇ ಹಲ್ಲು.

ಆ ಬಟನ್ ಮಾಡಿದವನೇ ನಮ್ಮ ಕಥಾನಾಯಕ. ಹೆಸರು ಬೇರೆ ಏನೋ ಇದೆ, ಸಂಬಳದ ಚೀಟಿಯಲ್ಲಿ ಬರುತ್ತದೆ. ಆಫೀಸಿನಲ್ಲಿ ಎಲ್ಲರೂ ಕರೆಯುವುದು ಬಟನ್ ಬ್ರಹ್ಮ ಎಂದೇ. ಮೂರು ವರ್ಷದ ಹಿಂದೆ ಒಂದು ಮೀಟಿಂಗಿನಲ್ಲಿ ಅವನೇ ಎದ್ದು ನಿಂತು, "ಒಂದೊಂದು ಸೈಟಿಗೂ ಬೇರೆ ಬೇರೆ ಬಟನ್ ಯಾಕೆ ಮಾಡ್ಬೇಕು ಸಾರ್? ಒಂದೇ ಕಾಂಪೊನೆಂಟ್ ಮಾಡಿಡೋಣ. ನಮ್ಮ ನಲವತ್ತು ಸೈಟೂ ಅದನ್ನೇ ಬಳಸ್ಲಿ. ಒಂದು ಕಡೆ ತಿದ್ದಿದ್ರೆ ನಲವತ್ತು ಕಡೆ ತಿದ್ದಿದ ಹಾಗೆ!" ಎಂದಿದ್ದ. ಚಪ್ಪಾಳೆ ಬಿದ್ದಿತ್ತು. ಒಂದು ಕಡೆ ಕೆಡಿಸಿದರೆ ನಲವತ್ತು ಕಡೆ ಕೆಟ್ಟ ಹಾಗೆ ಎಂಬ ಮಾತು ಅವತ್ತು ಯಾರ ಬಾಯಿಂದಲೂ ಬರಲಿಲ್ಲ. ಪುರಾಣದ ಬ್ರಹ್ಮನಿಗೆ ಸೃಷ್ಟಿಯ ಕೆಲಸ ಮಾತ್ರ, ಪಾಲನೆಗೆ ಬೇರೆಯವರಿದ್ದಾರೆ. ಆಫೀಸಿನಲ್ಲಿ ಅದನ್ನೂ ಇವನ ತಲೆಗೇ ಕಟ್ಟಿದ್ದರು.

ಬೇರೆ ದಿನವಾಗಿದ್ದರೆ ಪರವಾಗಿರಲಿಲ್ಲ. ಅವತ್ತು ನಾಲ್ಕು ಗಂಟೆಗೆ ಮಗಳ ಶಾಲೆಯಲ್ಲಿ ನಾಟಕವಿತ್ತು. ಹೋದ ವರ್ಷ ಅವಳು ಮೊಲವಾಗಿದ್ದಳು, ಅದರ ಹಿಂದಿನ ವರ್ಷ ಮೋಡ. ಎರಡನ್ನೂ ಅಪ್ಪ ನೋಡಿದ್ದು ಹೆಂಡತಿಯ ಫೋನಿನಲ್ಲಿ, ಯಾರದೋ ತಲೆಯ ಹಿಂದಿನಿಂದ. ಈ ಸಲ ಅವಳು ಗಡಿಯಾರ. ಇರುವುದು ಒಂದೇ ಮಾತು: "ಹೊತ್ತಾಯಿತು, ಹೊತ್ತಾಯಿತು, ಎಲ್ಲರೂ ಒಳಗೆ ಬನ್ನಿ!" ಹದಿನೈದು ದಿನದಿಂದ ಆ ಗಡಿಯಾರ ಮನೆಯಲ್ಲಿ ಹೊತ್ತುಗೊತ್ತಿಲ್ಲದೆ ಹೊಡೆಯುತ್ತಿತ್ತು. "ಅಪ್ಪಾ, ಈ ಸಲ ಬರ್ತೀಯ ತಾನೆ?" ಎಂದು ಅವಳು ಕೇಳಿದಾಗ, ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೂ ಬರುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದ.

ಶಾಲೆಯ ಹಾಲ್ ಚಿಕ್ಕದು. ಬರುವವರು ಶಾಲೆಯ ಸೈಟಿನಲ್ಲಿ ಮಗುವಿನ ಹೆಸರಿನ ಮುಂದೆ 'ಬರುತ್ತೇವೆ' ಎಂಬ ಬಟನ್ ಒತ್ತಬೇಕು. ಒತ್ತಿದರೆ ಅಪ್ಪ ಅಮ್ಮನಿಗೆ ಎರಡು ಕುರ್ಚಿ. ಬ್ರಹ್ಮ ಬೆಳಗ್ಗೆಯೇ ಒತ್ತಿದ್ದ.

"ರೀ, ಒತ್ತಿದ್ರಾ?" ಎಂದಳು ಹೆಂಡತಿ.

"ನಿನ್ನ ಎದುರಿಗೇ ಒತ್ತಿದ್ನಲ್ಲ ಕಣೇ."

"ಸರಿಯಾಗಿ ಒತ್ತಿದ್ರಾ?"

"ಬಟನ್ ಒತ್ತೋದ್ರಲ್ಲಿ ಸರಿ ಏನು, ತಪ್ಪು ಏನು? ಅದೂ ನಮ್ಮ ಆಫೀಸಿನ ಸೈಟು, ನಾನೇ ಮಾಡಿದ ಬಟನ್ನು!"

ಹೆಂಡತಿ ಗ್ಯಾಸ್ ಆರಿಸಿ ಬಂದು ಮತ್ತೆ ಹೋಗಿ ನೋಡುವವಳು, ಬೀಗ ಹಾಕಿ ಮೂರು ಸಲ ಎಳೆಯುವವಳು. ಈ ಉತ್ತರದಿಂದ ಅವಳಿಗೆ ಸಮಾಧಾನವಾಗಲಿಲ್ಲ. ಆದರೆ ಇಬ್ಬರಿಗೂ ಬಸ್ಸಿನ ಹೊತ್ತಾಗಿತ್ತು.

ಆಫೀಸಿನ ಬಾಗಿಲಲ್ಲೇ ಮ್ಯಾನೇಜರ್ ಕಾದು ನಿಂತಿದ್ದರು. "ಬ್ರಹ್ಮಾ, ಅಜ್ಜಿ!" ಎಂದರು. ಯಾರೋ ತೀರಿಕೊಂಡರೆಂದು ಬ್ರಹ್ಮ ಚೀಲ ಕೆಳಗಿಟ್ಟ. ವಿಷಯ ತಿಳಿದ ಮೇಲೆ ನಿಟ್ಟುಸಿರು ಬಿಟ್ಟು, "ಇಷ್ಟೇನಾ ಸಾರ್, ಹತ್ತು ನಿಮಿಷದ ಕೆಲಸ" ಎಂದ. ಅವನ ಕಸುಬಿನಲ್ಲಿ ಈ ಮಾತು ಆಡಿದವರು ಸಂಜೆಯೊಳಗೆ ಮನೆ ಸೇರಿದ್ದು ಕಡಿಮೆ.

ಹತ್ತು ನಿಮಿಷದಲ್ಲಿ ಅವನು ಮಾಡಿದ್ದಿಷ್ಟು: ಒಂದು ಸಲ ಒತ್ತಿದ ಕೂಡಲೇ ಬಟನ್ ಬೂದಿ ಬಣ್ಣಕ್ಕೆ ತಿರುಗಿ ಸುಮ್ಮನಾಗಿಬಿಡಬೇಕು. ಅಜ್ಜಿ ನೂರು ಸಲ ಒತ್ತಿದರೂ ಒಂದೇ ಟೋಕನ್. ತಿದ್ದಿದ ಬಟನ್ ನಲವತ್ತು ಸೈಟಿಗೂ ಹೋಯಿತು. ಇನ್ನೇನು ಕಾಫಿ ಲೋಟಕ್ಕೆ ಕೈ ಹಾಕಬೇಕು, ಪುಸ್ತಕದಂಗಡಿಯ ಸೈಟು ನೋಡಿಕೊಳ್ಳುವ ಮೀಸೆಯವನು ಓಡಿ ಬಂದ.

"ಏನ್ ಮಾಡಿದೆ ಮಾರಾಯಾ? ಒಂದು ಪುಸ್ತಕ ತಗೊಂಡೋರು ಎರಡನೇದು ತಗೋಳೋಕೇ ಆಗ್ತಿಲ್ಲ. ಕಾದಂಬರಿಯ ಮೊದಲನೇ ಭಾಗ ಎಲ್ಲರ ಹತ್ರ ಇದೆ, ಎರಡನೇ ಭಾಗ ಯಾರಿಗೂ ಸಿಗ್ತಿಲ್ಲ!"

ಬ್ರಹ್ಮ ಮತ್ತೆ ಕೂತ. ಹಿಂದೆ ನಿಂತು ಸಲಹೆ ಕೊಡುವವರಿಗೆ ಆ ಆಫೀಸಿನಲ್ಲಿ ಬರವಿಲ್ಲ. ಡಿಸೈನರ್ ಹುಡುಗಿ ಕುರ್ಚಿ ಎಳೆದುಕೊಂಡೇ ಬಂದಳು. "ಬೂದಿ ಬಣ್ಣ ನೋಡಿದ್ರೆ ಜೀವನವೇ ಬೇಡ ಅನ್ಸುತ್ತೆ. ಒತ್ತಿದ್ದು ಗೊತ್ತಾಗಲಿಲ್ಲ ಅಂತ ತಾನೆ ಅಜ್ಜಿ ಮತ್ತೆ ಮತ್ತೆ ಒತ್ತಿದ್ದು? ಒತ್ತಿದ ತಕ್ಷಣ ಬಟನ್ ಖುಷಿಯಾಗಿ ಕುಣೀಲಿ!" ಮಾತು ನ್ಯಾಯವಾಗಿಯೇ ಇತ್ತು. ಬ್ರಹ್ಮ ಬೂದಿ ಬಣ್ಣ ತೆಗೆದು ಬಟನನ್ನು ಕುಣಿಸಿದ. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ, ಕೊನೆಗೊಂದು ನೆಗೆತ. ಮೀಸೆಯವನಿಗೂ ಇಷ್ಟವಾಯಿತು.

ಮಧ್ಯಾಹ್ನ ಒಂದು ಗಂಟೆಗೆ ಮ್ಯಾನೇಜರ್ ಬಿಳಿಚಿಕೊಂಡ ಮುಖದಲ್ಲಿ ಬಂದರು. ನಲವತ್ತರಲ್ಲಿ ಒಂದು ಸೈಟು ಶವ ಸಾಗಿಸುವ ಗಾಡಿಯವರದು. ಅಲ್ಲಿ 'ಸಂತಾಪ ಸೂಚಿಸಿ' ಎಂಬ ಬಟನ್ ಇತ್ತು.

"ಅವರು ಫೋನಲ್ಲಿ ಅಳ್ತಿದಾರೋ ಬೈತಿದಾರೋ ಗೊತ್ತಾಗ್ಲಿಲ್ಲ ಕಣ್ರೀ" ಎಂದು ಮ್ಯಾನೇಜರ್ ಕುಸಿದು ಕೂತರು.

ಕುಣಿತ ನಿಂತಿತು. ಬ್ರಹ್ಮನಿಗೆ ಊಟವೂ ಇಲ್ಲ. ಎರಡು ಗಂಟೆಯಾಯಿತು, ಎರಡೂವರೆಯಾಯಿತು. ಪರದೆಯ ಮೂಲೆಯ ಗಡಿಯಾರ ನೋಡಿದಾಗಲೆಲ್ಲ ಮಗಳ ಮುಖ ಕಾಣುತ್ತಿತ್ತು. ಅಜ್ಜಿಯ ಮೇಲೆ ಕೋಪ ಬರಲಿಲ್ಲ, ಪಾಪ, ಹಲ್ಲುನೋವು. ಬರುತ್ತಿದ್ದದ್ದು ತನ್ನ ಮೇಲೆಯೇ.

ಆಗ ಮ್ಯಾನೇಜರ್ ತಲೆಯಲ್ಲಿ ಬೆಳಕಾಯಿತು. ನಿಜವಾಗಿಯೂ ಬೆಳಕೇ; ಅವರು ಗೋಡೆಯ ಮೇಲಿನ ದೀಪದ ಸ್ವಿಚ್ ನೋಡುತ್ತಿದ್ದರು.

"ಬ್ರಹ್ಮಾ, ಇಲ್ನೋಡಿ. ಒತ್ತಿದ್ರೆ ದೀಪ ಹತ್ತುತ್ತೆ. ಇನ್ನೊಂದ್ಸಲ ಒತ್ತಿದ್ರೆ ಆರುತ್ತೆ. ಎಷ್ಟು ಸಲ ಒತ್ತಿದ್ರೂ ಎರಡು ದೀಪ ಹತ್ತುತ್ತಾ? ಇಲ್ಲ! ಒಂದ್ಸಲ ಒತ್ತಿದ್ರೆ ಟೋಕನ್, ಇನ್ನೊಂದ್ಸಲ ಒತ್ತಿದ್ರೆ ರದ್ದು. ಮುಗೀತು!"

ಎಲ್ಲರೂ ಹೌದಲ್ಲ ಎಂದರು. ಬ್ರಹ್ಮನಿಗೆ ಒಳಗೊಳಗೇ ಏನೋ ಚುಚ್ಚಿದಂತಾಯಿತು. ಆದರೆ ಗಂಟೆ ಮೂರು. ಬಡಬಡನೆ ಬರೆದು ಮುಗಿಸಿ, ಪರೀಕ್ಷೆಗೆಂದು ಟೆಸ್ಟರ್ ಅಕ್ಕನ ಮುಂದೆ ಇಟ್ಟ. ಟೆಸ್ಟರ್ ಅಕ್ಕ ಬಲು ಕಟ್ಟುನಿಟ್ಟಿನ ಹೆಂಗಸು. ದೂರು ಹೇಗೆ ಬಂದಿದೆಯೋ ಹಾಗೆಯೇ ಮಾಡಿ ನೋಡದ ಹೊರತು ಯಾವುದಕ್ಕೂ ಸೈ ಎನ್ನುವವಳಲ್ಲ.

"ಅಜ್ಜಿ ಎಷ್ಟು ಸಲ ಒತ್ತಿದ್ರು?"

"ಏಳು ಸಲ ಅಕ್ಕಾ."

ಅಕ್ಕ ಕನ್ನಡಕ ಏರಿಸಿಕೊಂಡು, ಬಾಯಲ್ಲಿ ಎಣಿಸುತ್ತಾ ಏಳು ಸಲ ಒತ್ತಿದಳು. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಒಂದೇ ಒಂದು ಟೋಕನ್!

"ಪಾಸ್!" ಎಂದಳು ಅಕ್ಕ. ಮೀಸೆಯವನು ಬ್ರಹ್ಮನ ಬೆನ್ನು ತಟ್ಟಿದ. ಮ್ಯಾನೇಜರ್, "ಹೊರಡ್ರೀ, ಹೋಗಿ ಮಗಳ ನಾಟಕ ನೋಡಿ. ನಾನೇನು ರಾಕ್ಷಸನಾ?" ಎಂದರು. ಹೊಸ ಬಟನನ್ನು ನಲವತ್ತು ಸೈಟಿಗೂ ಕಳಿಸಿ, ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿ, ಮೂರೂವರೆಗೆ ಸರಿಯಾಗಿ ಬ್ರಹ್ಮ ರಸ್ತೆಯಲ್ಲಿದ್ದ. ಬಸ್ಸು ಕೂಡ ಕಾದಿದ್ದಂತೆ ಬಂತು. ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು. ಇಷ್ಟೆಲ್ಲ ಒಳ್ಳೆಯದಾದಾಗ ಮನುಷ್ಯ ಸ್ವಲ್ಪ ಹೆದರಬೇಕು. ಬ್ರಹ್ಮ ಹೆದರದೆ ಕಣ್ಣು ಮುಚ್ಚಿಕೊಂಡು, "ಹೊತ್ತಾಯಿತು, ಹೊತ್ತಾಯಿತು" ಎಂದು ಗುನುಗಿದ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಶಾಲೆಯ ಗೇಟಿಗೆ ಬಂದರೆ ಅಲ್ಲಿ ಜಾತ್ರೆ. ಅಪ್ಪಂದಿರು, ಅಮ್ಮಂದಿರು, ಅಜ್ಜ ಅಜ್ಜಿಯರು ಎಲ್ಲರೂ ಹೊರಗೇ ನಿಂತು ಕೂಗಾಡುತ್ತಿದ್ದರು. ವಾಚ್‌ಮನ್ ಕೈಯಲ್ಲಿ ಫೋನ್ ಹಿಡಿದು ಗೇಟಿಗೆ ಅಡ್ಡ ನಿಂತಿದ್ದ. ಗುಂಪಿನೊಳಗಿಂದ ಹೆಂಡತಿ ಬಂದು ಬ್ರಹ್ಮನ ತೋಳು ಹಿಡಿದಳು.

"ರೀ, ನಮ್ಮ ಹೆಸರು ಪಟ್ಟೀಲಿ ಇಲ್ವಂತೆ! ಸರಿಯಾಗಿ ಒತ್ತಿದ್ರಾ ಅಂತ ಕೇಳಿದ್ನೋ ಇಲ್ವೋ?"

"ಒತ್ತಿದೀನಿ ಕಣೇ!"

"ಸುಳ್ಳು ಹೇಳ್ಬೇಡಿ. ಮೂರೂಮುಕ್ಕಾಲಿಗೆ ಮುಖ್ಯೋಪಾಧ್ಯಾಯಿನಿ ಮೆಸೇಜ್ ಕಳಿಸಿದ್ರು, ಎಲ್ಲರೂ 'ಬರುತ್ತೇವೆ' ಒತ್ತಿದ್ದೀರಾ, ಖಾತ್ರಿ ಮಾಡ್ಕೊಳ್ಳಿ ಅಂತ. ಯಾವುದಕ್ಕೂ ಇರ್ಲಿ ಅಂತ ನಾನೂ ಒಂದ್ಸಲ ಒತ್ತಿದೆ. ಆದ್ರೂ ಇಲ್ಲ ಅಂದ್ರೆ ಏನರ್ಥ?"

ಬ್ರಹ್ಮ ಬೆರಳು ಮಡಿಚಿ ಎಣಿಸಿದ. ಬೆಳಗ್ಗೆ ತಾನು ಒತ್ತಿದ್ದು ಒಂದು. ಇವಳು ಒತ್ತಿದ್ದು ಎರಡು. ದೀಪ ಹತ್ತಿತು, ದೀಪ ಆರಿತು. ಸುತ್ತ ನಿಂತವರೆಲ್ಲ ಬೆಳಗ್ಗೆಯೇ ಜವಾಬ್ದಾರಿಯಿಂದ ಒತ್ತಿ, ಮೆಸೇಜ್ ಬಂದಾಗ ಇನ್ನೂ ಜವಾಬ್ದಾರಿಯಿಂದ ಮತ್ತೊಮ್ಮೆ ಒತ್ತಿದವರು. ಬೆಳಗ್ಗೆ ಮರೆತು ಕೊನೇ ಗಳಿಗೆಯಲ್ಲಿ ಒತ್ತಿದ ಏಳೆಂಟು ಸೋಮಾರಿಗಳು ಮಾತ್ರ ಒಳಗೆ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದರು.

"ಗಾಬರಿಯಾಗ್ಬೇಡ, ಇನ್ನೊಂದ್ಸಲ ಒತ್ತಿದ್ರೆ ಸರಿಹೋಗುತ್ತೆ" ಎಂದು ಬ್ರಹ್ಮ ಫೋನ್ ತೆಗೆದು ಒತ್ತಿದ. ಅದೇ ಗಳಿಗೆಯಲ್ಲಿ ಹೆಂಡತಿಯೂ ಒತ್ತಿದಳು. ನಾಲ್ಕು.

"ನೀನ್ಯಾಕೆ ಒತ್ತಿದೆ?"

"ನೀವೇ ತಾನೆ ಒತ್ತಬೇಕು ಅಂದಿದ್ದು?"

ಇದನ್ನು ಕೇಳಿಸಿಕೊಂಡ ಜನವೆಲ್ಲ ಒತ್ತತೊಡಗಿತು. ಗಂಡ ಒತ್ತಿದ, ಹೆಂಡತಿ ಒತ್ತಿದಳು, ಕೆಲವು ಮನೆಯಲ್ಲಿ ಮಾವನೂ ಒತ್ತಿದರು. ವಾಚ್‌ಮನ್ ಕೈಯಲ್ಲಿದ್ದ ಪಟ್ಟಿಯಲ್ಲಿ ಹೆಸರುಗಳು ಮಿಂಚುಹುಳದಂತೆ ಹೊಳೆದು ಮಾಯವಾಗುತ್ತಿದ್ದವು. ತಡೆಯಲಾರದೆ ಬ್ರಹ್ಮ ಗೇಟಿನ ಕಂಬಿಯ ಮೇಲೆ ಹತ್ತಿ, "ಯಾರೂ ಮುಟ್ಟಬೇಡಿ! ಮನೆಗೆ ಒಬ್ಬರೇ ಒತ್ತಬೇಕು! ನನಗೆ ಗೊತ್ತು, ಈ ಬಟನ್ ಮಾಡಿದ್ದು ನಾನೇ!" ಎಂದು ಕೂಗಿಬಿಟ್ಟ.

ಗದ್ದಲ ತಟ್ಟನೆ ನಿಂತಿತು. ನೂರು ಮುಖಗಳು ಅವನತ್ತ ತಿರುಗಿದವು. ಅವುಗಳ ನಡುವೆ ದಾರಿ ಮಾಡಿಕೊಂಡು ಮುಖ್ಯೋಪಾಧ್ಯಾಯಿನಿ ಬಂದರು.

"ಓಹೋ, ನೀವೇನಾ?" ಎಂದರು. "ಬನ್ನಿ ಒಳಗೆ."

"ಮೇಡಂ, ಇವತ್ತೊಂದು ದಿನ ಎಲ್ಲರನ್ನೂ ಹಾಗೇ ಬಿಟ್ಟುಬಿಡಿ..."

"ಹೋದ ವರ್ಷ ಹಾಗೇ ಬಿಟ್ಟು ಆರು ಬೆಂಚು ಮುರಿದವು. ಪಟ್ಟಿ ಅಂದ್ರೆ ಪಟ್ಟಿ. ಎಲ್ಲರ ಹೆಸರೂ ಸೇರೋವರೆಗೆ ನೀವು ಏಳೋ ಹಾಗಿಲ್ಲ."

ಹಾಲಿಗೆ ಒತ್ತಿಕೊಂಡಿದ್ದ ಆಫೀಸು ಕೋಣೆಯಲ್ಲಿ, ಮಕ್ಕಳ ಮುರಿದ ಸ್ಕೇಲು, ಸೀಮೆಸುಣ್ಣದ ಡಬ್ಬಗಳ ನಡುವೆ ಬ್ರಹ್ಮ ಲ್ಯಾಪ್‌ಟಾಪ್ ತೆರೆದು ಕೂತ. ಇಡೀ ದಿನ ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚಿ, ಬಟನನ್ನು ಬೆಳಗ್ಗೆ ಹೇಗಿತ್ತೋ ಹಾಗೆಯೇ ಮಾಡಿಟ್ಟ. ಆಮೇಲೆ ರದ್ದಾದ ಹೆಸರುಗಳನ್ನು ಒಂದೊಂದಾಗಿ ಸೇರಿಸತೊಡಗಿದ. ಸೇರಿಸಿದ ಹಾಗೆಲ್ಲ ಹೊರಗೆ ವಾಚ್‌ಮನ್ ಹೆಸರು ಕೂಗುವುದು, ಚಪ್ಪಲಿಗಳ ಸದ್ದು ಹಾಲಿನೊಳಗೆ ಹೋಗುವುದು ಕೇಳುತ್ತಿತ್ತು. ಹೆಂಡತಿ ಬಾಗಿಲಲ್ಲಿ ತಲೆ ಹಾಕಿ, "ಬೇಗ ಬನ್ರೀ, ಕುರ್ಚಿ ಹಿಡಿದಿರ್ತೀನಿ" ಎಂದು ಹೋದಳು. ಐವತ್ತು ಹೆಸರಾಯಿತು. ನಾಟಕ ಶುರುವಾಯಿತು. ಅರವತ್ತಾಯಿತು. ಇನ್ನು ಮೂರು, ಇನ್ನು ಎರಡು. ಕೊನೆಯ ಹೆಸರಿನ ಅರ್ಧಕ್ಕೆ ಬಂದಿದ್ದ, ಗೋಡೆಯ ಆ ಕಡೆಯಿಂದ ಒಂದು ಪುಟ್ಟ ದನಿ ಗಟ್ಟಿಯಾಗಿ ಹೇಳಿತು:

"ಹೊತ್ತಾಯಿತು, ಹೊತ್ತಾಯಿತು, ಎಲ್ಲರೂ ಒಳಗೆ ಬನ್ನಿ!"

ಹಾಲ್ ಚಪ್ಪಾಳೆಯಿಂದ ತುಂಬಿಹೋಯಿತು. ಬ್ರಹ್ಮ ಕೋಣೆಯಲ್ಲಿ ಒಬ್ಬನೇ ಎದ್ದು ನಿಂತು ಚಪ್ಪಾಳೆ ತಟ್ಟಿದ. ಕಣ್ಣು ಒದ್ದೆಯಾಗಿತ್ತು.

ನಾಟಕ ಮುಗಿದ ಮೇಲೆ ಮಗಳು ಎದೆಗೆ ಕಟ್ಟಿಕೊಂಡ ರಟ್ಟಿನ ಗಡಿಯಾರದ ಸಮೇತ ಓಡಿ ಬಂದಳು.

"ಅಪ್ಪಾ, ಎಲ್ಲಾ ಕುರ್ಚಿನೂ ತುಂಬಿತ್ತು! ಅಮ್ಮನ ಪಕ್ಕದ್ದು ಒಂದು ಬಿಟ್ಟು."

"ನಿನ್ನ ಮಾತು ಕೇಳಿಸ್ತು ಪುಟ್ಟಿ. ಎಷ್ಟು ಚೆನ್ನಾಗಿ ಹೇಳ್ದೆ!"

"ಕೇಳಿಸ್ಕೊಂಡ್ರೆ ಸಾಕಾ? ನಾನು ಮುಳ್ಳು ತಿರುಗಿಸಿದ್ದು ನೋಡ್ಬೇಕಿತ್ತು."

ಅವಳ ಸಪ್ಪೆ ಮುಖ ನೋಡಿ ಮುಖ್ಯೋಪಾಧ್ಯಾಯಿನಿಗೂ ಮನಸ್ಸು ಕರಗಿತು. "ನಾಳೆ ದೊಡ್ಡ ಮಕ್ಕಳಿಗೆ ಇದೇ ನಾಟಕ ಮತ್ತೆ ಇದೆ. ನೀವು ಬನ್ನಿ. ಮೊದಲನೇ ಸಾಲು. ಯಾವ ಬಟನ್ನೂ ಒತ್ತೋದು ಬೇಡ" ಎಂದರು. ಬ್ರಹ್ಮನಿಗೆ ಆಕೆಯ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಮಗಳು ಅಲ್ಲೇ ಕುಣಿದಳು.

ಅಷ್ಟರಲ್ಲಿ ಫೋನ್ ಬಂತು. ಮ್ಯಾನೇಜರ್.

"ಏನ್ರೀ ಬ್ರಹ್ಮಾ, ಅಷ್ಟು ಚೆನ್ನಾಗಿ ಮಾಡಿಟ್ಟು ಹೋದ್ರಿ, ಆಮೇಲೆ ಏನು ಮುಟ್ಟಿದ್ರಿ? ಅಜ್ಜಿ ಈಗ ನಾಳೆಗೆ ಟೋಕನ್ ಒತ್ತಿದ್ರಂತೆ. ಮತ್ತೆ ಏಳು! ಡಾಕ್ಟರ್ ಕೆಂಡ ಆಗಿದಾರೆ. ನಾಳೆ ಅವರೇ ಆಫೀಸಿಗೆ ಬರ್ತಾರಂತೆ, ನಿಮ್ಮನ್ನ ಎದುರಿಗೆ ಕೂರಿಸ್ಕೊಂಡು ಮಾತಾಡ್ಬೇಕಂತೆ."

"ಎಷ್ಟು... ಎಷ್ಟು ಗಂಟೆಗೆ ಸಾರ್?"

ಇತ್ತ ಮಗಳು ಎದೆಯ ಮೇಲಿನ ರಟ್ಟಿನ ಮುಳ್ಳನ್ನು ನಿಧಾನವಾಗಿ ತಿರುಗಿಸಿ, ನಾಲ್ಕರ ಮೇಲೆ ನಿಲ್ಲಿಸಿ, ಅಪ್ಪನ ಅಂಗಿ ಜಗ್ಗಿದಳು.

"ಅಪ್ಪಾ, ನಾಳೆ ಇಷ್ಟೊತ್ತಿಗೆ. ಮರೀಬೇಡ."

ಫೋನಿನಲ್ಲಿ ಮ್ಯಾನೇಜರ್ ಹೇಳಿದ್ದೂ ಅದೇ ಹೊತ್ತು.