ನಮ್ಮ ಅಜ್ಜಿಯ ಸೆರಗಿನ ಗಂಟಿಗೆ ಒಂದು ಮನವಿ

ಹೊನ್ನೂರು, ಯಳಂದೂರು ತಾಲ್ಲೂಕು

ಮಾನ್ಯ ಗಂಟಿನವರೇ,

ಸೆರಗಿನ ತುದಿಯಲ್ಲಿ ಸದಾ ವಿರಾಜಮಾನರಾಗಿರುವ ತಮ್ಮ ಬಿಗಿ ಎಂದೂ ಸಡಿಲವಾಗದಿರಲೆಂದು ಹಾರೈಸುತ್ತಾ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ದಿನ ಬೆಳಿಗ್ಗೆ ಹಿತ್ತಲಿನ ಹಗ್ಗದ ಮೇಲಿದ್ದ ನಮ್ಮ ಅಜ್ಜಿ ಪುಟ್ಟಮಲ್ಲಮ್ಮನವರ ಸೀರೆಯಲ್ಲಿ ತಮ್ಮ ದರ್ಶನವಾಯಿತು. ಸೀರೆಯೆಲ್ಲ ಒಣಗಿ ಗಾಳಿಗೆ ಹಾರುತ್ತಿದ್ದರೂ ತಾವೊಬ್ಬರೇ ಒದ್ದೆಯಾಗಿ ತೊಟ್ಟಿಕ್ಕುತ್ತಿದ್ದಿರಿ. ಬಟ್ಟೆ ಒಗೆದ ಚಿಕ್ಕನಿಂಗಮ್ಮ, "ಬುಚ್ಚಬ್ಯಾಡ ಅಂತ ಆಣೆ ಇಕ್ಕವ್ರೆ ಕಣವ್ವಾ. ಒಳಗೆ ಚಿನ್ನ ಅದೋ ಏನೋ, ಕಲ್ಲಿಗೆ ಬಡಿಯಕ್ಕೂ ಬಯ ನಂಗೆ!" ಎಂದು ನಕ್ಕಳು.

ಒಳಗೆ ಚಿನ್ನವಿಲ್ಲ. ಮರೆಯಬಾರದ ಸಂಗತಿಯಿದ್ದರೆ ಸೆರಗಿಗೆ ಗಂಟು ಹಾಕಿಕೊಂಡು, ಕೆಲಸವಾದ ಮೇಲೆ ಬಿಚ್ಚುವುದು ನಮ್ಮ ಕಡೆಯ ಹೆಂಗಸರ ರೂಢಿ. ಕಳೆದ ವಾರ ಅಜ್ಜಿ ತಮ್ಮನ್ನು ಯಾವುದೋ ಕೆಲಸಕ್ಕೆ ನೇಮಿಸಿದರು. ಯಾವುದಕ್ಕೆಂದು ಅವರಿಗೆ ಮರೆತುಹೋಯಿತು; ಕೆಲಸ ಆಗಿದೆಯೋ ಇಲ್ಲವೋ ತಿಳಿಯದೆ ಬಿಚ್ಚುವಂತೆಯೂ ಇಲ್ಲ. ತಾವಾದರೋ ಏನೋ ಇದೆ ಎಂದಷ್ಟೇ ತಿಳಿಸಿ, ಏನೆಂದು ಬಾಯಿಬಿಡದೆ ಕುಳಿತಿದ್ದೀರಿ. ಗುಟ್ಟು ಕಾಯುವುದರಲ್ಲಿ ತಮಗೆ ಸಮಾನರು ಮೈಸೂರು ಸರ್ಕಾರದಲ್ಲಾಗಲಿ, ಮದರಾಸು ಸರ್ಕಾರದಲ್ಲಾಗಲಿ ಇರಲಾರರು.

ಆದರೆ ತಮ್ಮ ಈ ನಿಷ್ಠೆಯಿಂದ ಅಜ್ಜಿಗೆ ಊಟ ಸೇರುತ್ತಿಲ್ಲ. ಲಿಂಗಪೂಜೆಗೆ ಕುಳಿತಾಗಲೂ ಅವರ ಎಡಗೈ ತಮ್ಮನ್ನೇ ಸವರುತ್ತಿರುತ್ತದೆ. ಅಗರದಲ್ಲಿದ್ದ ಅವರ ಅಕ್ಕ ವೀರಮ್ಮ ಕೊನೆಗಾಲದಲ್ಲಿ ಹೆತ್ತ ಮಕ್ಕಳನ್ನೇ "ನೀವ್ಯಾರ ಮನೆಯವ್ರಪ್ಪಾ?" ಎಂದು ಕೇಳುತ್ತಿದ್ದರು. ನಿನ್ನೆ ಅಜ್ಜಿ, "ನಮ್ಮಕ್ಕಂಗೂ ಇಂಗೇ ಕಣವ್ವಾ ಸುರುವಾದದ್ದು. ಸೋಮಾರ ಬೀಗದ್ಕೈ ನಿಮ್ಮವ್ವನಿಗೆ ಕೊಟ್ಬುಡ್ತೀನಿ" ಎಂದರು. ಉಗ್ರಾಣದ ಆ ಬೀಗದ ಕೈ ಗೊಂಚಲು ಅವರ ಸೊಂಟ ಬಿಟ್ಟು ಇಳಿದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಇಲ್ಲಿ ತಮ್ಮ ಗಮನಕ್ಕೆ ತರಬೇಕಾದ ವಿಷಯವೊಂದಿದೆ. ಮೊನ್ನೆ ನಮ್ಮ ಅಪ್ಪಾಜಿ ಶಿವನಂಜಯ್ಯನವರು ಗಡಿಯಾಚೆ ಮದರಾಸು ಸರ್ಕಾರಕ್ಕೆ ಸೇರಿದ ಕೊಳ್ಳೇಗಾಲಕ್ಕೆ ಸೈಕಲ್ಲಿನಲ್ಲಿ ಹೋಗಿ ಬಸ್ಸಿನಲ್ಲಿ ಬಂದರು. ಮರುದಿನ ಬೆಳಿಗ್ಗೆ ಎದ್ದು, "ಯಾವನ್ಲಾ ನನ್ ಸೈಕಲ್ ತಕಂಡೋದೋನು?" ಎಂದು ಮನೆಮಂದಿಯನ್ನೆಲ್ಲ ಬೈದರು. ಯಜಮಾನರು ಮೈಸೂರು ಸಂಸ್ಥಾನದಲ್ಲಿ, ಸೈಕಲ್ಲು ಮದರಾಸಿನಲ್ಲಿ! ಅವ್ವ, "ಪಾಪ, ಅವರ್ಗೆ ಎಷ್ಟೊಂದ್ ತಾಪತ್ರಯ" ಎಂದು ಮರುಗಿದರು. ನಾನು ಪುಸ್ತಕ ಹಿಡಿದು ಹಾಲು ಉಕ್ಕಿಸಿದಾಗ, "ಓದೋ ಹುಡುಗಿ, ಬುಡಿ" ಎಂದರು. ಅಜ್ಜಿ ಸಾರಿಗೆ ಎರಡು ಸಲ ಉಪ್ಪು ಹಾಕಿದ ದಿನ ಮಾತ್ರ ಯಾರೂ ಏನೂ ಅನ್ನಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿ ಅದನ್ನು ಕಂಡರು.

ಆದ್ದರಿಂದ ತಾವು ದಯವಿಟ್ಟು ಇನ್ನು ಮುಂದೆ ಹುಟ್ಟುವಾಗಲೇ ತಮ್ಮ ಉದ್ದೇಶವನ್ನು ದಪ್ಪ ಅಕ್ಷರದಲ್ಲಿ ಧರಿಸಿ ಬರಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಕೆಲಸ ಮುಗಿದ ಕೂಡಲೇ ತಾವಾಗಿ ಬಿಚ್ಚಿಕೊಳ್ಳಬೇಕು. ಅದೂ ಆಗದಿದ್ದರೆ, ಮುದುಕಿಯರ ಸೆರಗನ್ನೇ ಆರಿಸಿಕೊಂಡು ಕಾಡುವ ಹಾಗೆ ತೋರಿಸಿಕೊಳ್ಳುವುದನ್ನಾದರೂ ಬಿಡಬೇಕು.

ಏಕೆಂದರೆ ತಮ್ಮ ನೆಂಟರೊಬ್ಬರು ನನ್ನ ಸೆರಗಿನಲ್ಲೂ ಇದ್ದಾರೆ. ನಿನ್ನೆ ಸಂಜೆ ನಾನೇ ಹಾಕಿಕೊಂಡದ್ದು. ಏಕೆಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ನನಗೆ ಇಪ್ಪತ್ತೆರಡು ವರ್ಷ. ಮೈಸೂರಿನಲ್ಲಿ ಓದಿ ಬಿ.ಎ. ಮಾಡಿದ್ದೇನೆ. ಬೆಳಿಗ್ಗೆಯಿಂದ ಅವರನ್ನು ಸೊಂಟಕ್ಕೆ ಸಿಕ್ಕಿಸಿ ಮುಚ್ಚಿಟ್ಟಿದ್ದೆ. ನಾಲ್ಕು ಜನ ಸೇರಿದರೆ ಬಾಗಿಲ ಹಿಂದೆ ನಿಲ್ಲುವವಳು ನಾನು. ಆದರೂ ನಾಳೆ ಸೋಮವಾರ ಅಜ್ಜಿ ಅವ್ವನಿಗೆ ಬೀಗದ ಕೈ ಚಾಚುವ ಹೊತ್ತಿಗೆ ನಡುಮನೆಗೆ ಬಂದು, ಎಲ್ಲರೆದುರು ಈ ಗಂಟನ್ನು ಎತ್ತಿ ಹಿಡಿದು, "ಅಜ್ಜಿ, ಇದ್ಯಾಕೆ ಹಾಕ್ಕೊಂಡೆ ಅಂತ ನಂಗೂ ಗೊತ್ತಿಲ್ಲ" ಎಂದು ಹೇಳಿಬಿಡುವುದೆಂದು ನಿರ್ಧರಿಸಿದ್ದೇನೆ.

ಇಂತಿ,
ತಮ್ಮನ್ನು ಬಿಚ್ಚಲೂ ಆರದ, ಬಿಡಲೂ ಆರದ ವಿಶ್ವಾಸಿ,
ಪುಟ್ಟಮಲ್ಲಮ್ಮನವರ ಮೊಮ್ಮಗಳು

ಮರೆತ ಮಾತು: ಅಪ್ಪಾಜಿಯವರ ಶಲ್ಯಕ್ಕೂ ಎರಡು ತುದಿಗಳಿವೆ. ತಮ್ಮ ವಂಶದವರು ಇದುವರೆಗೆ ಅಲ್ಲಿಗೆ ದಯಮಾಡಿಸಿದ್ದಿಲ್ಲ. ಸೈಕಲ್ಲು ಇನ್ನೂ ಕೊಳ್ಳೇಗಾಲದಲ್ಲೇ ಇದೆ.