ಸದಾನಂದನ ಮಸುಕು ಮುಖ

ಲೇಸರ್ ಟ್ಯೂಬಿಗೆ ವಯಸ್ಸಾಗಿರಬಹುದು. ಕನ್ನಡಿಗಳು ಕೂದಲೆಳೆಯಷ್ಟು ಓರೆಯಾಗಿರಬಹುದು. ತಣ್ಣಗಿರಬೇಕಾದ ನೀರು ಬಿಸಿಯಾಗುತ್ತಿರಬಹುದು, ಬೆಲ್ಟು ಸಡಿಲವಾಗಿರಬಹುದು, ಡೊಂಬಿವಲಿಯ ಕರೆಂಟು ಎಂದಿನಂತೆ ಏರಿಳಿಯುತ್ತಿರಬಹುದು, ಪಕ್ಕದ ಶೆಡ್ಡಿನ ಪ್ರೆಸ್ಸಿನ ಬಡಿತಕ್ಕೆ ನೆಲವೇ ನಡುಗುತ್ತಿರಬಹುದು. ಇಲ್ಲವೇ ನನ್ನ ಕಣ್ಣೇ ಮಂಜಾಗಿರಬಹುದು. ಈ ಕೊನೆಯದು ಹೊಳೆದದ್ದೇ ತಡ, ಯಂತ್ರವನ್ನು ಬಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಓಡಿದೆ. ಹೆದರುವ ಕೆಲಸದಲ್ಲಿ ನಾನು ಯಾವತ್ತೂ ಸೋಮಾರಿತನ ಮಾಡಿದವನಲ್ಲ. ಕಣ್ಣು ಚೆನ್ನಾಗಿದೆ ಎಂದರು. ಆ ಒಂದು ಆಸೆಯೂ ಹೋಯಿತು.

ಮರದ ಮೇಲೆ ಹೆಸರು, ಚಿತ್ರ ಕೆತ್ತುವ ಯಂತ್ರ ಅದು. ನಾನೂ ಸದಾನಂದನೂ ಸೇರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಇಟ್ಟ ಅಂಗಡಿ. ಘೋಡಬಂದರ್ ರಸ್ತೆಯ ಫ್ಲ್ಯಾಟುಗಳ ನಾಮಫಲಕಗಳಲ್ಲಿ ಅರ್ಧ ನಮ್ಮವೇ ಎಂದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ. ಉಡುಪಿ ಕಡೆಯವನು, ಧೈರ್ಯ ಜಾಸ್ತಿ. ಮೈಸೂರಿನವನಾದ ನಾನು ಪಕ್ಕದಲ್ಲಿ ನಿಂತು 'ಸುಮಾರಾಗಿ' ಎಂದು ಸೇರಿಸುತ್ತಿದ್ದೆ. ಯಂತ್ರ ಅವನ ಪಾಲು, ಫೋನು ನನ್ನ ಪಾಲು. ಕಳೆದ ವರ್ಷ ಕಲ್ಯಾಣ ಸ್ಟೇಷನ್ನಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಎರಡೂ ನನ್ನ ಪಾಲಿಗೆ ಬಂದವು.

ಅವನ ವರ್ಷಾಂತಿಕಕ್ಕೆ ಮುಖವನ್ನು ಮರದಲ್ಲಿ ಕೆತ್ತಿಕೊಡಬೇಕೆಂದು ಅವನ ಹೆಂಡತಿ ಸುಮಿತ್ರಾ ಕೇಳಿದರು. "ಬೇರೆ ಕಡೆ ಬೇಡ ಅಣ್ಣ, ಅವರದ್ದೇ ಮಿಷನ್ನಿನಲ್ಲಿ ಆಗಬೇಕು." ಆಗಲೇ ಯಂತ್ರ ಕೈಕೊಟ್ಟಿತು. ಸೂಜಿಮೊನೆಯಂತೆ ಬೀಳಬೇಕಾದ ಕಿರಣ ಹರಡಿಕೊಂಡು ಬಿತ್ತು. ಹುಬ್ಬು ಹೋಗಿ ಕಣ್ಣಿಗೆ ಸೇರಿತು, ಮೀಸೆ ಬಾಯಿಗೆ. ನವಿ ಮುಂಬಯಿಯ ರಿಪೇರಿಯವನು ಫೋನಿನಲ್ಲೇ, "ಟ್ಯೂಬ್ ಗಯಾ ಸಾಬ್" ಎಂದ. ಹೊಸ ಟ್ಯೂಬ್ ಹಾಕಿಸಿದೆ. ಸದಾನಂದ ಇನ್ನಷ್ಟು ಕಪ್ಪಾಗಿ, ಅಷ್ಟೇ ಮಸುಕಾಗಿ ಬಂದ. ಲೆನ್ಸನ್ನು ಬಿಚ್ಚಿದರೆ ಮತ್ತೆ ಕೂರಿಸಲು ಬಾರದೆಂಬ ಭಯಕ್ಕೆ ಮೇಲಿನಿಂದಲೇ ಹತ್ತಿಯಲ್ಲಿ ಒರೆಸಿದೆ. ಕೆಟ್ಟ ತುಂಡುಗಳನ್ನು ಗೋಣಿಗೆ ಎಸೆಯುವುದು ನಮ್ಮಲ್ಲಿ ರೂಢಿ. ಇವನ್ನು ಎಸೆಯಲು ಕೈ ಬರಲಿಲ್ಲ. ಕಿಟಕಿಯಲ್ಲಿ ಸಾಲಾಗಿ ಒರಗಿಸಿಟ್ಟೆ.

ವರ್ಷಾಂತಿಕದ ಹಿಂದಿನ ದಿನ ಸುಮಿತ್ರಾ ಬಂದು ಆ ಸಾಲನ್ನು ನೋಡಿದರು. "ಇದು ಇವರ ಚಿಕ್ಕಪ್ಪನ ಹಾಗೆ ಉಂಟಲ್ಲ," ಎಂದು ನಕ್ಕರು. "ಇದು ಯಾರು, ರೈಲಿನ ಟಿಸಿಯಾ?" ನಾನೂ ನಕ್ಕೆ. ಆಮೇಲೆ ಅವರು ಒಂದು ತುಂಡಿನ ಮೇಲೆ ಬೆರಳಾಡಿಸುತ್ತ ಹೇಳಿದರು: "ಕಣ್ಣು ಮುಚ್ಚಿದರೆ ನನಗೂ ಈಗ ಹೀಗೇ ಕಾಣುದು ಅಣ್ಣ. ಮುಖ ಸರಿ ನೆನಪಾಗುದಿಲ್ಲ. ಫೋಟೋ ಉಂಟು, ಮುಟ್ಟಿದರೆ ಗಾಜೇ ಸಿಗುದು. ಅದಕ್ಕೇ ಕೆತ್ತಿ ಅಂದದ್ದು."

ಅಷ್ಟರಲ್ಲಿ ಅವರಿಗೆ ಕೆಮ್ಮು ಬಂತು.

"ಇದೆಂಥ ಹೊಗೆ ಮಾರಾಯ್ರೆ? ಅವರು ಇಲ್ಲಿ ಊದುಬತ್ತಿ ಹಚ್ಚಲಿಕ್ಕೇ ಬಿಡ್ತಿರಲಿಲ್ಲ."

ಯಂತ್ರದ ಪಕ್ಕದ ಶೆಲ್ಫಿನಲ್ಲಿ ನಾನು ಇಟ್ಟಿದ್ದ ಸದಾನಂದನ ಫೋಟೋ, ಅದಕ್ಕೆ ಹಚ್ಚಿದ್ದ ಊದುಬತ್ತಿ ತೋರಿಸಿದೆ. ತೋರಿಸಿದ ಬೆರಳು ಅಲ್ಲೇ ನಿಂತಿತು. ಫೋಟೋದ ಕೆಳಗೇ ಪುಟ್ಟ ಪಂಪು. ಕೋಣೆಯ ಗಾಳಿಯನ್ನು ಎಳೆದು ಲೆನ್ಸಿನ ಅಡಿಗೆ ಊದುವುದು ಅದರ ಕೆಲಸ.

ಸುಮಿತ್ರಾ ಮೊಬೈಲಿನ ಟಾರ್ಚು ಹಿಡಿದರು. ನಾನು ಲೆನ್ಸ್ ಬಿಚ್ಚಿದೆ. ಕೆಳಮೈಗೆ ಕಂದು ಜಿಡ್ಡು ಕಟ್ಟಿತ್ತು, ಗಂಧದ ವಾಸನೆ. ಒರೆಸಿ ಕೂರಿಸಿ ಹೊಸ ತುಂಡಿನ ಮೇಲೆ ಕೆತ್ತಿದಾಗ ಹುಬ್ಬಿನ ಒಂದೊಂದು ಕೂದಲೂ ಬಂತು. ಅವರು ಕಣ್ಣು ಮುಚ್ಚಿ ಹುಬ್ಬಿನಿಂದ ಗಲ್ಲದವರೆಗೆ ಮೆಲ್ಲಗೆ ಬೆರಳಾಡಿಸಿ, "ಹಾಂ, ಇವರೇ," ಎಂದರು.

ಯಂತ್ರಕ್ಕೆ ಏನೂ ಆಗಿರಲಿಲ್ಲ. ಸುಮಿತ್ರಾ ಕೇಳಿದ ದಿನದಿಂದ, ಮುಖ ಸರಿಯಾಗಿ ಬರುವ ಹಾಗೆ ಮಾಡಪ್ಪ ಎಂದು ದಿನಾ ಬೆಳಿಗ್ಗೆ ಸದಾನಂದನನ್ನೇ ಬೇಡಿಕೊಂಡು ಒಂದು ಊದುಬತ್ತಿ ಹಚ್ಚುತ್ತಿದ್ದೆ. ಬಾರದಿದ್ದ ದಿನ ಇನ್ನೊಂದು.